ಗೆಣ್ಣು ನೋಡಿ ಗಿಡ ಕೊಳ್ಳುವುದು: ಕಲಬುರಗಿಯ ಅಂಗಳಕ್ಕೆ ನೆಲಹೊದಿಕೆ

ಹಸ್ತ ಮಳೆ ಹಿಂದಾಗುವ ಹೊತ್ತಿಗೆ ಕಲಬುರಗಿಯ ಎರೆಮಣ್ಣು ಆಳದವರೆಗೆ ನೀರು ಕುಡಿದಿರುತ್ತದೆ. ಹೊಲದಲ್ಲಿ ಬಿಳಿಜೋಳ, ಕಡಲೆ ಬಿತ್ತುವವರು ಈ ಹಸಿಯನ್ನೇ ನಂಬಿ ಬಿತ್ತುತ್ತಾರೆ. ಅಂಗಳಕ್ಕೆ ನೆಲಹೊದಿಕೆ ಗಿಡ ಹಚ್ಚುವವರಿಗೂ ಇದೇ ಹದ. ನರ್ಸರಿಯವರು ‘ಗ್ರೌಂಡ್ ಕವರ್’ ಎಂದು ಮಾರುವ ಈ ಗಿಡಗಳನ್ನು ಹೆಚ್ಚಿನವರು ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ಹುರುಪಿನಲ್ಲಿ ಒಯ್ಯುತ್ತಾರೆ. ಆಮೇಲೆ ಆಗುವುದು ಎರಡು. ಎರೆಮಣ್ಣಿನಲ್ಲಿ ನೀರು ನಿಂತು ಎಳೆ ಬೇರು ಕೊಳೆಯುತ್ತದೆ. ಬದುಕಿದ್ದನ್ನು ಕಸ ನುಂಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಂಗ್ರೆಸ್ ಕಸ, ಹಿತ್ತಗಣಿ, ಜೇಕು ಏಳುವ ವೇಗಕ್ಕೆ ಕೊಂಡು ತಂದ ಯಾವ ಗಿಡವೂ ಸರಿಸಾಟಿಯಲ್ಲ. ಸೆಪ್ಟೆಂಬರ್ ಕೊನೆಯ ವಾರದಿಂದ ದೀಪಾವಳಿ ಆಸುಪಾಸಿನವರೆಗೆ, ಅಂದರೆ ಹಸ್ತದಿಂದ ಸ್ವಾತಿಯವರೆಗೆ, ಬಿಸಿಲು ಹಿತವಾಗಿರುತ್ತದೆ, ಮಣ್ಣು ಬೆಚ್ಚಗಿರುತ್ತದೆ, ಕಸದ ಹೊಸ ಹುಟ್ಟು ಕಡಿಮೆಯಾಗಿರುತ್ತದೆ. ಮಾರ್ಚ್‌ನ ಉರಿ ಬರುವಷ್ಟರಲ್ಲಿ ಬೇರಿಗೆ ನಾಲ್ಕೂವರೆ ತಿಂಗಳು ಸಿಗುತ್ತದೆ. ಗಿಡ ಬೇಸಿಗೆ ದಾಟುತ್ತದೋ ಇಲ್ಲವೋ ಎನ್ನುವುದು ಆ ನಾಲ್ಕೂವರೆ ತಿಂಗಳಲ್ಲೇ ತೀರ್ಮಾನವಾಗುತ್ತದೆ.

ಈ ಸಲ ನಾವು ಕೈಗೆತ್ತಿಕೊಂಡದ್ದು ಸೇಡಂ ರಸ್ತೆ ಕಡೆಯ ಒಂದು ಮನೆಯ ಅಂಗಳ. ಅದರಲ್ಲಿ ಮೂರು ಬಗೆಯ ಜಾಗ: 10 ಅಡಿಗೆ 12 ಅಡಿ ಬಯಲು ಪಾತಿ, ಗೇಟಿನಿಂದ ಬಾಗಿಲವರೆಗೆ ಹಾಸಿದ ಶಹಾಬಾದ್ ಫರಸಿಯ ನಡುವಿನ ಸಂದುಗಳು, ಕಾಂಪೌಂಡ್ ಗೋಡೆಯ ಉತ್ತರ ಮಗ್ಗುಲಿಗೆ ಬೇವಿನ ಮರದ ಕೆಳಗಿನ ಪಟ್ಟಿ.

ನರ್ಸರಿಗೆ ಹೋಗುವ ಮೊದಲು ಎರಡು ದಿನ ಬಿಸಿಲನ್ನೇ ಅಳೆದೆವು. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ನೆರಳು ಎಲ್ಲಿ ಬೀಳುತ್ತದೆ ಎಂದು ಸುಣ್ಣದ ಗೆರೆ ಎಳೆದರೆ ಸಾಕು. ಆದರೆ ಅಕ್ಟೋಬರ್‌ನ ನೆರಳನ್ನು ಪೂರಾ ನಂಬಬಾರದು. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ 6 ಅಡಿ ಗೋಡೆ ನಡು ಮಧ್ಯಾಹ್ನವೂ ಉತ್ತರಕ್ಕೆ 5 ಅಡಿಗಿಂತ ತುಸು ಹೆಚ್ಚೇ ನೆರಳು ಕೊಡುತ್ತದೆ. ಮೇ ಎರಡನೇ ವಾರದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ. ಅದೇ ಗೋಡೆಯ ಬುಡದಲ್ಲಿ ಆಗ ಮಧ್ಯಾಹ್ನ ಗೇಣು ನೆರಳೂ ಇರುವುದಿಲ್ಲ. ಗೋಡೆಯ ನೆರಳು ಚಳಿಗಾಲದ್ದು, ಮರದ ನೆರಳು ಬೇಸಿಗೆಗೂ ಉಳಿಯುವಂಥದ್ದು. ನೆರಳಿನ ಗಿಡವನ್ನು ಗೋಡೆ ನಂಬಿ ಹಚ್ಚಿದವರು ಮೇ ತಿಂಗಳಲ್ಲಿ ಸುಟ್ಟ ಎಲೆ ಹಿಡಿದುಕೊಂಡು ನರ್ಸರಿಯವರ ಮೇಲೆ ಜಗಳಕ್ಕೆ ಹೋಗುತ್ತಾರೆ. ತಪ್ಪು ಗಿಡದ್ದಲ್ಲ, ನರ್ಸರಿಯವರದ್ದೂ ಅಲ್ಲ. ಬೇವು ಎಲೆ ಉದುರಿಸಿ ಚಿಗುರುವುದು ಫೆಬ್ರುವರಿ–ಮಾರ್ಚ್‌ನಲ್ಲಿ. ಆ ಕೆಲವು ವಾರ ಮಾತ್ರ ಅದರ ಕೆಳಗೂ ಬಿಸಿಲು ಸುರಿಯುತ್ತದೆ ಎನ್ನುವುದು ನೆನಪಿರಲಿ.

ಆಮೇಲೆ ಮಣ್ಣು. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ಬೆಳಿಗ್ಗೆ ನೀರು ತುಂಬಿಸಿದೆವು. ಸಂಜೆಯಾದರೂ ತಳದಲ್ಲಿ ನಾಲ್ಕು ಬೆರಳು ನೀರು ನಿಂತೇ ಇತ್ತು. ಇಂಥ ಕಡೆ ಪಾತಿಯನ್ನು 6 ಇಂಚು ಎತ್ತರಿಸದೆ ಏನು ಹಚ್ಚಿದರೂ ವ್ಯರ್ಥ. ಗುಂಡಿಯ ಗೋಡೆಯಲ್ಲಿ ಬಿಳಿ ಸುಣ್ಣದ ಹರಳು ಕಂಡವು. ಒಣ ಹೆಂಟೆಯೊಂದನ್ನು ತಟ್ಟೆಯಲ್ಲಿಟ್ಟು ನಾಲ್ಕು ಹನಿ ವಿನೆಗರ್ ಬಿಟ್ಟೆವು. ಕಿವಿ ಹತ್ತಿರ ಹಿಡಿದರೆ ಬುರುಬುರು ಸದ್ದು ಕೇಳುವಷ್ಟು ನೊರೆ ಬಂತು. ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಇದೆ ಎಂದೇ ಅರ್ಥ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣದಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಕೆಲವು ಗಿಡ ಹಳದಿ ತಿರುಗುತ್ತವೆ. ಯಾವ ಗಿಡ ಬೇಡ ಎನ್ನುವ ಪಟ್ಟಿ ಅರ್ಧ ಇಲ್ಲಿಯೇ ಸಿದ್ಧವಾಯಿತು. ರಸಸಾರ (ಪಿಎಚ್), ಲವಣದ ಲೆಕ್ಕ ಕರಾರುವಾಕ್ಕಾಗಿ ಬೇಕಿದ್ದವರು ಮಣ್ಣನ್ನು ಪರೀಕ್ಷೆಗೆ ಕೊಡಬಹುದು; ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ಎರೆಮಣ್ಣಿನ ಇನ್ನೊಂದು ಗುಣ ಎಲ್ಲರಿಗೂ ಗೊತ್ತಿದ್ದದ್ದೇ: ಒಣಗಿದರೆ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಡುವಾಗ ಅಡ್ಡ ಬಂದ ಬೇರು ಹರಿಯುತ್ತದೆ, ಹರಿಯದ ಬೇರು ಗಾಳಿಗೆ ಒಣಗುತ್ತದೆ. ಒಂದೇ ಬುಡದ ಮೇಲೆ ನಿಂತ ಗಿಡದ ಪಕ್ಕದಲ್ಲಿ ಬಿರುಕು ಬಿದ್ದರೆ ಅದರ ಕಥೆ ಮುಗಿದಂತೆ. ಹರಿದಾಡುತ್ತ ಗೆಣ್ಣು ಗೆಣ್ಣಿಗೆ ಬೇರು ಬಿಟ್ಟ ಗಿಡಕ್ಕೆ ಆ ಭಯ ಕಡಿಮೆ. ಬಿರುಕಿನ ಈಚೆ ನಾಲ್ಕು ಬೇರು, ಆಚೆ ನಾಲ್ಕು ಬೇರು. ಒಂದು ಕಡೆ ಒಣಗಿದರೆ ಇನ್ನೊಂದು ಕಡೆಯಿಂದ ಬಳ್ಳಿ ಬದುಕುತ್ತದೆ. ಕರಕಿ ಎಷ್ಟು ಬಿಸಿಲಿಗೂ ಸಾಯದೆ ಉಳಿಯುವುದರಲ್ಲಿ ಈ ಗೆಣ್ಣಿನ ಪಾಲು ದೊಡ್ಡದು. ಆದ್ದರಿಂದ ಎರೆ ನೆಲದ ಅಂಗಳಕ್ಕೆ ಗಿಡ ಕೊಳ್ಳಲು ಹೊರಟರೆ ಹೂವಿನ ಬಣ್ಣಕ್ಕಿಂತ ಮೊದಲು ಗೆಣ್ಣು ನೋಡಬೇಕು.

ನೋಡುವ ಬಗೆ ಹೀಗೆ. ಚೀಲದ ಅಂಚಿನಿಂದ ಹೊರಗೆ ಇಳಿಬಿದ್ದ ಒಂದು ಕಡ್ಡಿಯನ್ನು ಮೆಲ್ಲಗೆ ಎತ್ತಿ. ಎಲೆ ಹುಟ್ಟುವ ಗಂಟಿನ ಕೆಳಭಾಗದಲ್ಲಿ ಬಿಳಿ ಅಥವಾ ಕಂದು ಬಣ್ಣದ ಸಣ್ಣ ಮೊಳೆಗಳಿದ್ದರೆ, ಇಲ್ಲವೇ ಆ ಗಂಟು ಪಕ್ಕದ ಚೀಲದ ಮಣ್ಣಿಗೆ ಬೇರು ಕಚ್ಚಿಕೊಂಡು ಕೈಗೆ ಬರದೆ ತಡೆದರೆ, ಅದು ಗೆಣ್ಣುಬೇರಿನ ಗಿಡ. ನರ್ಸರಿಯಲ್ಲಿ ಸಾಲು ಸಾಲಾಗಿ ಇಟ್ಟ ಚೀಲಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಮಾಲಿ ಬೇಸರದಿಂದ ಕಿತ್ತು ಕೊಡುತ್ತಾನೆ. ನಮಗೆ ಅದೇ ಶುಭಸೂಚನೆ. ಕಡ್ಡಿ ಎಷ್ಟು ಉದ್ದವಿದ್ದರೂ ಎಲ್ಲವೂ ನಡುವಿನ ಒಂದೇ ಬುಡದಿಂದ ಹೊರಟು, ಗಂಟುಗಳು ನುಣ್ಣಗಿದ್ದರೆ ಅದು ಬುಡದ ಗಿಡ. ಚೆಂದ ಇರಬಹುದು, ಆದರೆ ಹತ್ತಿರ ಹತ್ತಿರ ಹಚ್ಚಬೇಕು ಮತ್ತು ಕೆಂಪು ಮಣ್ಣು, ಗರಸು ನೆಲಕ್ಕೆ ಹೆಚ್ಚು ಸಲ್ಲುತ್ತದೆ.

ಹೆಸರಿನ ಗೊಂದಲ ಇಲ್ಲಿ ವಿಪರೀತ. ಒಂದೇ ಸಾಲಿನಲ್ಲಿ ಎರಡು ಬೇರೆ ಗಿಡ ಇದ್ದವು.

‘ಅಣ್ಣಾ, ಇದು ಏನ್ರಿ?’

‘ಬ್ರಾಹ್ಮಿ ಅದರಿ.’

‘ಮತ್ತ ಇದು?’

‘ಅದೂ ಬ್ರಾಹ್ಮೀನೇ ಅದರಿ.’

ಮೊದಲನೆಯದು ಒಂದೆಲಗ: ಒಂದು ತೊಟ್ಟಿಗೆ ಒಂದೇ ಎಲೆ, ಎಲೆ ದುಂಡಗೆ, ಬುಡದಲ್ಲಿ ಸೀಳು, ಅಂಚು ಅಲೆಅಲೆ. ಎರಡನೆಯದು ನೀರುಬ್ರಾಹ್ಮಿ: ದಪ್ಪ ಪುಟ್ಟ ಎಲೆಗಳು ಚಮಚದಂತೆ, ಎದುರುಬದುರು, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಹೂವು ಬಿಳಿ ಅಥವಾ ತಿಳಿ ನೇರಳೆ. ಎರಡೂ ಗೆಣ್ಣಿಗೆ ಬೇರು ಬಿಡುತ್ತವೆ, ಎರಡಕ್ಕೂ ದಿನವೂ ಹಸಿ ಬೇಕು. ಕೊಳವೆಬಾವಿ ನೀರು ಸೋರುವ ನಲ್ಲಿ ಬುಡ, ಬಚ್ಚಲ ನೀರು ಹರಿಯದ ಟಾಕಿ ಪಕ್ಕ ಇಂಥ ಕಡೆಗೆ ಇವು ಸರಿ. ಬಯಲು ಪಾತಿಗೆ ಅಲ್ಲ.

ಪೋರ್ಟುಲಾಕಾ ಎಂದು ಮಾರುವುದರಲ್ಲೂ ಎರಡಿವೆ. ಎಲೆ ಸೂಜಿಯಂತೆ ದುಂಡಗೆ, ಕಂಕುಳಲ್ಲಿ ಬಿಳಿ ಕೂದಲ ಕುಚ್ಚು ಇದ್ದರೆ ಅದು ಟೇಬಲ್ ರೋಸ್. ಎಲೆ ಚಪ್ಪಟೆಯಾಗಿ ನಮ್ಮ ಗೋಳಿಪಲ್ಯದ ಹಾಗಿದ್ದು ಹೂವು ದೊಡ್ಡದಿದ್ದರೆ ಅದನ್ನು ಪರ್ಸ್‌ಲೇನ್ ಎನ್ನುತ್ತಾರೆ. ಇವೆರಡರ ನಡುವೆ ಸೇರಿಕೊಳ್ಳುವ ಕಳ್ಳ ಕಸವೊಂದಿದೆ, ನೆಲಕ್ಕೆ ಅಂಟಿಕೊಂಡು ಕೆಂಪು ಕಡ್ಡಿ ಹರಡುತ್ತದೆ. ಕಡ್ಡಿ ಮುರಿದರೆ ಬಿಳಿ ಹಾಲು ಒಸರುತ್ತದೆ. ಪೋರ್ಟುಲಾಕಾದಲ್ಲಿ ಬರುವುದು ಬರೀ ನೀರು. ಈ ಎರಡು ಹೂಗಿಡಗಳನ್ನೂ ನಾವು ಅಕ್ಟೋಬರ್‌ನಲ್ಲಿ ಕೊಳ್ಳುವುದಿಲ್ಲ. ಆಗ ಹೂ ತುಂಬಿ ನಿಂತಿರುವುದೇನೋ ಹೌದು, ಆದರೆ ರಾತ್ರಿ ತಂಪಾದಂತೆ ಬೆಳವಣಿಗೆ ನಿಲ್ಲುತ್ತದೆ, ಹಸಿ ಎರೆಮಣ್ಣಿನಲ್ಲಿ ಬುಡ ಕೊಳೆಯುತ್ತದೆ. ಫೆಬ್ರುವರಿ ಕೊನೆಗೆ ತಂದರೆ ಅದೇ ಗಿಡ ಮೇವರೆಗೆ ಹೂ ಬಿಡುತ್ತದೆ.

ಲಂಟಾನಾ ಕೇಳುವವರು ಕಡ್ಡಿಯ ಮೇಲೆ ಬೆರಳಾಡಿಸಲಿ. ಸಣ್ಣ ಮುಳ್ಳು ತಾಗಿದರೆ ಅದು ಕಾಡು ಹೊಕ್ಕ ಪೊದೆ ಲಂಟಾನಾ. ಕಡ್ಡಿ ತೆಳ್ಳಗೆ, ಮುಳ್ಳಿಲ್ಲದೆ, ಹೂ ಗೊಂಚಲು ನೇರಳೆ ಇದ್ದರೆ ಅದು ಹಬ್ಬುವ ಲಂಟಾನಾ. ಇದು ಹಸಿ ನೆಲ ಮುಟ್ಟಿದ ಕಡೆ ಬೇರು ಬಿಡುತ್ತದೆ, ಒಣ ಬಿಸಿಲು ತಡೆಯುತ್ತದೆ. ಮನೆಯಲ್ಲಿ ಆಡು, ಎಮ್ಮೆ ಇರುವವರು ಮಾತ್ರ ಎರಡನ್ನೂ ದೂರ ಇಡಬೇಕು. ಎರಡೂ ದನಕರುಗಳಿಗೆ ವಿಷ.

ಹಳದಿ ಸೇವಂತಿಯಂಥ ಹೂವು, ಮೂರು ಹಾಳೆಯ ಮಿರಮಿರ ಎಲೆ, ಕೇಳಿದರೆ ಅಗ್ಗ, ಎಲ್ಲಿ ಊರಿದರೂ ಬರುತ್ತದೆ — ಇದು ವೆಡೆಲಿಯಾ. ಗೆಣ್ಣುಬೇರಿನ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಆದರೂ ಇದನ್ನು ನಾವು ಯಾರಿಗೂ ಹೇಳುವುದಿಲ್ಲ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಪಾತಿ ದಾಟಿ ಗಟಾರಕ್ಕಿಳಿದರೆ ಅಲ್ಲಿಂದ ಹಳ್ಳದ ದಂಡೆ ಹಿಡಿಯುತ್ತದೆ. ಕತ್ತರಿಸಿ ಬೀದಿಗೆ ಎಸೆದ ಗೇಣುದ್ದ ತುಂಡೂ ಬೇರು ಬಿಡುತ್ತದೆ. ಬೆಣ್ಣೆತೊರೆ, ಕಾಗಿಣಾ, ಭೀಮಾ ದಂಡೆಗಳಿರುವ ಸೀಮೆಯಲ್ಲಿ ಇಂಥದ್ದನ್ನು ಕೈಯಾರೆ ಬಿಡುವುದು ಬೇಡ.

ಪೀನಟ್ ಗ್ರಾಸ್ ಎಂದು ಕರೆಯುವ ಹುಲ್ಲುಶೇಂಗಾ ಎಲ್ಲರ ಕಣ್ಣಿಗೂ ಬೀಳುತ್ತದೆ. ಹುಲ್ಲಲ್ಲ ಅದು, ಶೇಂಗಾದ ದಾಯಾದಿ. ಒಂದು ತೊಟ್ಟಿಗೆ ಎರಡು ಜೋಡಿ, ನಾಲ್ಕು ಎಲೆ, ಶೇಂಗಾ ಹೊಲ ನೋಡಿದವರಿಗೆ ಗುರುತು ಹೇಳಬೇಕಿಲ್ಲ. ಮೂರೇ ಎಲೆ ಇದ್ದರೆ ಅದು ಬೇರೆ ಗಿಡ. ಸುಣ್ಣದ ಎರೆಯಲ್ಲಿ ಶೇಂಗಾ ಹಳದಿಯಾಗುವುದನ್ನು ಈ ಭಾಗದ ರೈತರು ಕಂಡವರೇ. ಅದೇ ರೋಗ ಇದಕ್ಕೂ ತಪ್ಪಿದ್ದಲ್ಲ: ತುದಿಯ ಹೊಸ ಎಲೆ ಮೊದಲು ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. (ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಅದು ಸಾರಜನಕದ ಕೊರತೆ, ಮದ್ದು ಬೇರೆ.) ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಹೊತ್ತು ಎಲೆ ತೊಯ್ಯುವಂತೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಫರಸಿಯ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು; ತುಕ್ಕಿನ ಕಲೆ ಕಲ್ಲಿಗೆ ಹತ್ತಿದರೆ ಹೋಗುವುದು ಕಷ್ಟ. ವಿನೆಗರ್‌ಗೆ ನೊರೆ ಬಂದ ಮಣ್ಣಿಗೆ ಈ ಗಿಡವನ್ನು ನಾವು ತರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಔಷಧ ಹೊಡೆಯಬೇಕಾದ ಗಿಡ ನೆಲಹೊದಿಕೆಯ ಕೆಲಸಕ್ಕೆ ಬಾರದು.

ಬಯಲು ಪಾತಿಗೂ ಫರಸಿ ಸಂದಿಗೂ ನಮ್ಮ ಆಯ್ಕೆ ಲಿಪ್ಪಿಯಾ. ನರ್ಸರಿಯ ಮುಂದಿನ ಸಾಲಿನಲ್ಲಿ ಇದು ಸಿಗುವುದಿಲ್ಲ, ಕೇಳಿದರೆ ‘ಅದು ಕಸ ಅಲ್ರಿ’ ಎನ್ನುವವರೂ ಇದ್ದಾರೆ. ಕೆರೆ ಅಂಗಳದಲ್ಲಿ, ನದಿ ದಂಡೆಯಲ್ಲಿ ತಾನಾಗಿ ಬೆಳೆಯುವ ನಮ್ಮದೇ ಗಿಡ ಇದು. ಎಲೆ ಎದುರುಬದುರು, ಬುಡದ ಕಡೆ ಕಿರಿದು, ಮೇಲರ್ಧದ ಅಂಚಿನಲ್ಲಿ ಮಾತ್ರ ಗರಗಸದ ಹಲ್ಲು. ಉದ್ದ ತೊಟ್ಟಿನ ತುದಿಗೆ ಬೆಂಕಿಕಡ್ಡಿ ತಲೆಯಷ್ಟಿರುವ ಕಡುಗೆಂಪು ಗುಂಡು, ಅದರ ಸುತ್ತ ಉಂಗುರದಂತೆ ಬಿಳಿ-ಗುಲಾಬಿ ಪುಟ್ಟ ಹೂಗಳು. ಪ್ರತಿ ಗೆಣ್ಣಿಗೂ ಬೇರು. ನಾಲ್ಕು ದಿನ ನೀರು ನಿಂತರೂ ತಾಳುತ್ತದೆ, ಸವಳು ನೀರಿಗೂ ತಾಳುತ್ತದೆ, ಬೇಸಿಗೆಯಲ್ಲಿ ಎಲೆ ಸಣ್ಣದಾಗಿ ಕಂದು ತಿರುಗಿದರೂ ಎರಡು ನೀರು ಕೊಟ್ಟರೆ ಚಿಗುರುತ್ತದೆ. ಚಿಟ್ಟೆ, ಜೇನು ಬಿಡದೆ ಬರುತ್ತವೆ. ಆದ್ದರಿಂದ ಮಕ್ಕಳು ಬರಿಗಾಲಲ್ಲಿ ಓಡುವ ಜಾಗವಾದರೆ ಹೂ ಬಂದಾಗ ಕತ್ತರಿ ಆಡಿಸಬೇಕು.

ಬಣ್ಣದ ಅಂಚಿಗೆ ಕೆಂಪು ಆಲ್ಟರ್ನಾಂಥೆರಾ. ಹೊನಗೊನ್ನೆ ಪಲ್ಯದ ವಂಶವೇ ಇದು. ಎಲೆ ಕಂಕುಳಲ್ಲಿ ಕಾಗದದಂಥ ಬಿಳಿ ಹೂಗುಂಡು ಎರಡರಲ್ಲೂ ಒಂದೇ ಥರ. ಬೇವಿನ ಕೆಳಗೆ ಹೆಮಿಗ್ರಾಫಿಸ್ ಮತ್ತು ನೇರಳೆ ಟ್ರೇಡ್‌ಸ್ಕ್ಯಾಂಟಿಯಾ. ಮೊದಲನೆಯದನ್ನು ಗುರುತಿಸಲು ಎಲೆ ಮಗುಚಿ ನೋಡಿ, ಮೇಲೆ ಬೂದು ಹೊಳಪು, ಕೆಳಗೆ ನೇರಳೆ. ಎರಡನೆಯದನ್ನು ಹಳೆ ನರ್ಸರಿಯವರು ಸೆಟ್‌ಕ್ರೇಸಿಯಾ ಎನ್ನುತ್ತಾರೆ; ನೆರಳು ಹೆಚ್ಚಾದಷ್ಟೂ ಅದರ ನೇರಳೆ ಹಸಿರಿಗೆ ತಿರುಗುವುದರಿಂದ ಅದನ್ನು ಪಟ್ಟಿಯ ಬಿಸಿಲು ತಾಗುವ ಅಂಚಿಗೆ ಇಟ್ಟೆವು. ಅದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕತ್ತರಿಸುವಾಗ ಕೈಗವಸು ಇರಲಿ. ಆಮೆಬಳ್ಳಿ, ಮೊಂಡೋ ಹುಲ್ಲು ಎರಡೂ ಅಲ್ಲಿದ್ದವು. ಕುಂಡದಲ್ಲಿ ಸುಂದರ, ಕಲಬುರಗಿಯ ಮೇ ತಿಂಗಳಲ್ಲಿ ಬಯಲಿಗೆ ಬಂದರೆ ಸುಟ್ಟುಹೋಗುತ್ತವೆ.

ಗಿಡ ಆಯ್ದ ಮೇಲೆ ಚೀಲ ಆಯುವುದು ಇನ್ನೊಂದು ಕೆಲಸ, ಮತ್ತು ಇಲ್ಲಿಯೇ ಹೆಚ್ಚು ಮೋಸಹೋಗುವುದು. ಮೇಲಿನ ಎಲೆ ಹಸಿರಾಗಿದ್ದರೆ ಸಾಕೆಂದು ಎತ್ತಿಕೊಳ್ಳುತ್ತಾರೆ. ನಾವು ನೂರು ಚೀಲದ ಬೆಲೆ ಮಾತಾಡುವ ಮೊದಲೇ ಒಂದು ಚೀಲದ ಬೆಲೆ ಕೊಟ್ಟು, ಅಲ್ಲಿಯೇ ಅದನ್ನು ಬ್ಲೇಡಿನಿಂದ ಸೀಳುತ್ತೇವೆ. ಈ ಸಲ ಸೀಳಿದ ಮೊದಲ ಚೀಲದಲ್ಲಿ ಲಿಪ್ಪಿಯಾದ ಬೇರು ಬೆಳ್ಳಗೆ, ಚೆನ್ನಾಗಿಯೇ ಇತ್ತು. ಆದರೆ ಮಣ್ಣಿನ ತಳದಲ್ಲಿ ಅಡ್ಡಡ್ಡ ಓಡಿದ ಗಟ್ಟಿ ತಂತಿಯಂಥ ದಾರ, ದಾರದಲ್ಲಿ ಕಡಲೆಕಾಳಿನಷ್ಟು ದಪ್ಪದ ಕಪ್ಪು ಗಡ್ಡೆ ಎರಡು. ಉಗುರಿನಿಂದ ಕೆರೆದರೆ ಒಳಗೆ ಬಿಳಿ, ಮೂಸಿದರೆ ಘಮ್ಮೆನ್ನುವ ಬೇರಿನ ವಾಸನೆ. ಜೇಕಿನ ಗಡ್ಡೆ! ಚೀಲದ ಬಾಯಲ್ಲಿ ಹುಲ್ಲಿನ ಗರಿ ಒಂದೂ ಇರಲಿಲ್ಲ, ಕಿತ್ತು ಚೊಕ್ಕ ಮಾಡಿದ್ದರು. ಗರಿ ಕಿತ್ತರೆ ಗಡ್ಡೆ ಸಾಯುವುದಿಲ್ಲ, ದಾರದ ಮುಂದಿನ ಗಡ್ಡೆ ಏಳುತ್ತದೆ. ಇಂಥ 80 ಚೀಲ ಪಾತಿಗೆ ಇಳಿಸಿದ್ದರೆ ಮುಂದಿನ ಮೂರು ವರ್ಷ ಆ ಮನೆಯವರು ಕುರ್ಪಿ ಹಿಡಿದು ಕೂತಿರಬೇಕಿತ್ತು. ನೆಲಹೊದಿಕೆಯ ನಡುವೆ ಎದ್ದ ಜೇಕನ್ನು ತೆಗೆಯುವ ದಾರಿಯೇ ಇಲ್ಲ. ಗಡ್ಡೆ ಅಗೆಯಲು ಹೋದರೆ ಹೊದಿಕೆಯೂ ಹೋಗುತ್ತದೆ. ಆ ಸಾಲು ಪೂರ್ತಿ ಬಿಟ್ಟೆವು. ಕಡ್ಡಿ ಮಾತ್ರ ಬೇಕೆಂದು ಕೇಳಿದೆವು. ಕಡ್ಡಿಯ ಜೊತೆ ಗಡ್ಡೆ ಬರುವುದಿಲ್ಲ.

ಉಳಿದ ಪರೀಕ್ಷೆಗಳು ಬೇಗ ಮುಗಿಯುತ್ತವೆ. ಬೇರು ಕಂದಾಗಿ ಹಿಸುಕಿದರೆ ಸಿಪ್ಪೆ ಜಾರಿದರೆ ಕೊಳೆತಿದೆ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಹಳೆಯದಾಗಿದೆ, ಬಿಡಿಸಿ ಹಚ್ಚಬಹುದು. ಎಲೆ ಕಂಕುಳಲ್ಲಿ ಹತ್ತಿಯಂಥ ಬಿಳಿ ಇದ್ದು, ಇರುವೆ ಓಡಾಡುತ್ತಿದ್ದರೆ ಅದು ಹಿಟ್ಟುತಿಗಣೆ. ಅಂಥ ಚೀಲವಿರುವ ಸಾಲಿನಿಂದ ಒಂದನ್ನೂ ತರಬಾರದು. ಚೀಲ ನೆಲಕ್ಕೆ ಬೇರಿಳಿಸಿದ್ದರೆ ಎತ್ತಿದಾಗ ಅರ್ಧ ಬೇರು ಹರಿಯುತ್ತದೆ, ಮೂರು ದಿನದಲ್ಲಿ ಬಾಡುತ್ತದೆ. ಆಂಧ್ರದ ನರ್ಸರಿ ಊರು ಕಡಿಯಂನಿಂದ ಲಾರಿಯಲ್ಲಿ ನಿನ್ನೆ ಇಳಿದ ಮಾಲೋ ಎಂದು ಕೇಳಿ. ಗೋದಾವರಿ ಸೀಮೆಯ ತೇವಕ್ಕೆ ಹೊಂದಿಕೊಂಡ ಗಿಡ ಇಲ್ಲಿಯ ಒಣ ಗಾಳಿಗೆ ಬಂದ ಮೊದಲ ವಾರ ಎಲೆ ಉದುರಿಸುತ್ತದೆ. ಹದಿನೈದು ದಿನ ಇಲ್ಲಿಯೇ ಇದ್ದ ಮಾಲು, ನೋಡಲು ಸ್ವಲ್ಪ ಒರಟಾದರೂ, ಉತ್ತಮ.

ಎಷ್ಟು ಬೇಕು ಎನ್ನುವುದು ಸುಲಭ ಲೆಕ್ಕ. 120 ಚದರಡಿಗೆ ಒಂದಡಿ ಅಂತರದಲ್ಲಿ ಹಚ್ಚಿದರೆ 120 ಗಿಡ, 9 ಇಂಚಿಗೆ 213, 6 ಇಂಚಿಗೆ 480. ಸಾಲುಗಳನ್ನು ಪಗಡೆ ಮನೆಯಂತೆ ನೇರ ಇಡದೆ ತ್ರಿಕೋನವಾಗಿ ಇಟ್ಟರೆ ನೂರಕ್ಕೆ 15ರಷ್ಟು ಹೆಚ್ಚು ಹಿಡಿಯುತ್ತವೆ, ಹೊದಿಕೆ ಬೇಗ ಮುಚ್ಚುತ್ತದೆ. ಲಿಪ್ಪಿಯಾಕ್ಕೆ ಒಂದಡಿ ಸಾಕು, ಅದು ಓಡುವ ಗಿಡ. ಆಲ್ಟರ್ನಾಂಥೆರಾಕ್ಕೆ 6 ಇಂಚು ಬೇಕೇ ಬೇಕು. ಪಾತಿಯ 80 ಚದರಡಿಗೆ ಲಿಪ್ಪಿಯಾ 80, ಮುಂದಿನ 40 ಚದರಡಿಗೆ ಆಲ್ಟರ್ನಾಂಥೆರಾ 160. ಆದರೆ 160 ಚೀಲ ಕೊಳ್ಳುವುದು ದುಡ್ಡು ಸುರಿದಂತೆ. ತುಂಬಿದ ಒಂದು ಚೀಲದಿಂದ 8 ಕಡ್ಡಿ ಸಲೀಸಾಗಿ ಸಿಗುತ್ತವೆ. 20 ತಾಯಿಚೀಲ ತಂದರೆ 160 ಕಡ್ಡಿ, ಸಾಯುವವಕ್ಕೆಂದು ಇನ್ನೂ 4 ಚೀಲ. ಕತ್ತರಿಸಿದ ತಾಯಿಗಿಡಗಳೂ ಮೂರು ವಾರದಲ್ಲಿ ಮತ್ತೆ ತುಂಬುತ್ತವೆ. ಗೆಣ್ಣುಬೇರಿನ ಗಿಡ ಕೊಳ್ಳುವುದರ ಲಾಭ ಇದು. ಬುಡದ ಗಿಡವಾಗಿದ್ದರೆ ಎಣಿಸಿದಷ್ಟೂ ಕೊಳ್ಳಲೇಬೇಕು.

ಕಡ್ಡಿ ಕತ್ತರಿಸುವುದು ಬೆಳಿಗ್ಗೆ ಬಿಸಿಲೇರುವ ಮೊದಲು. ಬೆರಳುದ್ದ, 3 ರಿಂದ 4 ಇಂಚು. ಕನಿಷ್ಠ ಮೂರು ಗೆಣ್ಣು. ಕೆಳಗಿನ ಗೆಣ್ಣಿನ ಸರಿ ಕೆಳಗೆ ಕತ್ತರಿ ಹಾಕಬೇಕು, ಏಕೆಂದರೆ ಬೇರು ಹುಟ್ಟುವುದು ಅಲ್ಲಿಂದ. ನಡುವೆ ಕತ್ತರಿಸಿದರೆ ಕೆಳಗುಳಿದ ತುಂಡು ಕೊಳೆತು ಮೇಲೇರುತ್ತದೆ. ಕೆಳಗಿನ ಎರಡು ಗೆಣ್ಣಿನ ಎಲೆ ತೆಗೆದು, ಹೂಮೊಗ್ಗು ಚಿವುಟಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ತಂದು ಅದೇ ದಿನ ಊರಬೇಕು. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ರಾತ್ರಿಯಿಡೀ ಇಡುವುದು ಬೇಡ.

ಪಾತಿಯ ಕೆಲಸ ಗಿಡ ತರುವ ಮೊದಲೇ ಮುಗಿದಿರಬೇಕು. ಎರೆಮಣ್ಣನ್ನು ಹಸಿ ಇರುವಾಗ ಮುಟ್ಟಿದರೆ ಇಟ್ಟಿಗೆಯಾಗುತ್ತದೆ, ಪೂರ್ತಿ ಒಣಗಿದರೆ ಗುದ್ದಲಿ ಇಳಿಯುವುದಿಲ್ಲ. ಹಿಡಿ ಮಣ್ಣು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿದಾಗ ಅಂಟದೆ ಪುಡಿಯಾದರೆ ಬೆದೆಗೆ ಬಂದಿದೆ. ಮಳೆ ನಿಂತ ಐದಾರು ದಿನಕ್ಕೆ ಆ ಹದ ಬಂತು. ಗೇಣು ಆಳ ಅಗೆದು, ಬೇರು, ಗಡ್ಡೆ ಆಯ್ದು, ಎರಡು ಇಂಚು ದಪ್ಪ ಕಳಿತ ತಿಪ್ಪೆಗೊಬ್ಬರ ಹರಡಿದೆವು. 120 ಚದರಡಿಗೆ ಎರಡು ಇಂಚೆಂದರೆ 20 ಘನ ಅಡಿ, ಸಿಮೆಂಟ್ ಚೀಲದಲ್ಲಿ ತುಂಬಿ ತಂದರೆ 16–17 ಚೀಲ. ಗೊಬ್ಬರ ಕಳಿತಿರಲೇಬೇಕು, ಹಸಿ ಸಗಣಿ ಗೊಬ್ಬರದಲ್ಲಿ ಗೊಣ್ಣೆಹುಳವೂ ಕಸದ ಬೀಜವೂ ಒಟ್ಟಿಗೆ ಬರುತ್ತವೆ. ಎರೆಮಣ್ಣನ್ನು ಸಡಿಲ ಮಾಡಲು ನಾಲ್ಕು ಪುಟ್ಟಿ ಮರಳು ಹಾಕುವ ಸಲಹೆ ಬಹಳ ಜನ ಕೊಡುತ್ತಾರೆ. ಅಷ್ಟು ಮರಳು ಸಾಲದು. ಜಿಗುಟಿನಲ್ಲಿ ಸೇರಿ ಗಾರೆಯಂತೆ ಬಿಗಿಯುತ್ತದೆ. ಮಣ್ಣನ್ನು ಬಿಡಿಸುವುದು ಗೊಬ್ಬರ.

ಫರಸಿ ಸಂದು ಬೇರೆ ಮಾತು. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ಸಂದಿನ ಮಣ್ಣೂ ಸುಣ್ಣವೇ, ಜೊತೆಗೆ ಹಾಸುವಾಗ ಉಳಿದ ಸಿಮೆಂಟ್ ಹೆಂಟೆ. ಎರಡು ಇಂಚು ಅಗಲದ ಸಂದನ್ನು ಮೂರು ಇಂಚು ಆಳ ಕೆದಕಿ ತೆಗೆದು, ಎರೆಮಣ್ಣು, ದಪ್ಪ ಮರಳು, ಗೊಬ್ಬರ ಸಮಪಾಲು ತುಂಬಿದೆವು. ಇಷ್ಟು ಕಡಿಮೆ ಮಣ್ಣಿಗೆ ಮರಳು ಸಮಪಾಲು ಬಿದ್ದರೆ ಗಾರೆಯಾಗುವ ಭಯವಿಲ್ಲ. ಕಲ್ಲಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಕಾಲಿಗೆ ಸಿಕ್ಕು ಬಳ್ಳಿ ಜಜ್ಜಿಹೋಗುತ್ತದೆ. ಲಿಪ್ಪಿಯಾ ಕಡ್ಡಿ 8 ಇಂಚಿಗೊಂದು.

ಹೆಮಿಗ್ರಾಫಿಸ್ ಚೀಲಗಳಲ್ಲಿ ಇದ್ದದ್ದು ಕೆಂಪು ಮಣ್ಣು. ಈ ಕೆಂಪು ಉಂಡೆಯನ್ನು ಹಾಗೆಯೇ ಎರೆಮಣ್ಣಿನ ಗುಂಡಿಗೆ ಇಳಿಸುವುದು ದೊಡ್ಡ ತಪ್ಪು. ಮಳೆಯಲ್ಲಿ ಗುಂಡಿ ಬಟ್ಟಲಾಗಿ ನೀರು ಹಿಡಿಯುತ್ತದೆ; ಬೇಸಿಗೆಯಲ್ಲಿ ಎರೆ ಕುಗ್ಗಿ ಉಂಡೆಯ ಸುತ್ತ ಬೆರಳಗಲ ಸಂದು ಬಿಡುತ್ತದೆ, ಬೇರು ಕೆಂಪು ಉಂಡೆ ಬಿಟ್ಟು ಹೊರಬರುವುದೇ ಇಲ್ಲ. ಉಂಡೆಯನ್ನು ನೀರಿನಲ್ಲಿ ಅದ್ದಿ, ಅರ್ಧಕ್ಕರ್ಧ ಮಣ್ಣು ಉದುರಿಸಿ, ಬೇರಿನ ತುದಿ ಕರಿಮಣ್ಣಿಗೆ ನೇರ ತಾಗುವಂತೆ ಹರಡಿ ಹಚ್ಚಿದೆವು. ಗಿಡ ಎರಡು ದಿನ ಬಾಡಿದಂತೆ ಕಾಣುತ್ತದೆ, ಗಾಬರಿ ಬೇಡ. ಬೇವಿನ ಬೇರು ಸಿಕ್ಕ ಕಡೆ ಕತ್ತರಿಸದೆ ಜಾಗ ಸರಿಸಿದೆವು.

ಊರುವುದು ಸಂಜೆ ನಾಲ್ಕರ ಮೇಲೆ. ಕಡ್ಡಿಯ ಎರಡು ಗೆಣ್ಣು ಮಣ್ಣೊಳಗೆ, ಒಂದು ಮೇಲೆ; ಸುತ್ತ ಹೆಬ್ಬೆರಳಿನಿಂದ ಒತ್ತಿ ಗಾಳಿ ತೆಗೆಯಬೇಕು. ಮೆಲ್ಲಗೆ ಎಳೆದು ನೋಡಿದರೆ ಬರಬಾರದು. ಪೂರಾ ಪಾತಿಗೆ ಒಂದು ನೀರೆಂದರೆ ಸುಮಾರು 110 ಲೀಟರ್, 15 ಲೀಟರಿನ ಕೊಡ ಏಳೆಂಟು, ಸಣ್ಣ ತೂತಿನ ಝಾರಿಯಲ್ಲಿ. ಮೊದಲ ವಾರ ದಿನಾ ಬೆಳಿಗ್ಗೆ ಇದರ ಅರ್ಧ, ಎರಡು ಮತ್ತು ಮೂರನೇ ವಾರ ದಿನ ಬಿಟ್ಟು ದಿನ, ತಿಂಗಳಾದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ. ಚಿತ್ತಿ ಮಳೆ ಬಿದ್ದ ವಾರ ನೀರು ನಿಲ್ಲಿಸಿದೆವು. ಎಂಟನೇ ದಿನಕ್ಕೆ ಲಿಪ್ಪಿಯಾ, ಹನ್ನೆರಡನೇ ದಿನಕ್ಕೆ ಆಲ್ಟರ್ನಾಂಥೆರಾ ಹೊಸ ಎಲೆ ತೋರಿದವು. ಆಲ್ಟರ್ನಾಂಥೆರಾದಲ್ಲಿ 19 ಕಡ್ಡಿ ಸತ್ತವು. ಕಿತ್ತು ನೋಡಿದರೆ ಹೆಚ್ಚಿನವುಗಳಲ್ಲಿ ಮಣ್ಣೊಳಗೆ ಒಂದೇ ಗೆಣ್ಣು ಇತ್ತು. ಉಳಿಸಿಕೊಂಡ ನಾಲ್ಕು ಚೀಲ ಆಗ ಕೆಲಸಕ್ಕೆ ಬಂದವು.

ಬೀದರ್ ಕಡೆಯವರು ಇದನ್ನೇ ಹಾಗೆಯೇ ಮಾಡಬೇಕಿಲ್ಲ. ಅಲ್ಲಿಯ ಜಂಬಿಟ್ಟಿಗೆ ಕೆಂಪು ನೆಲ ಬಿರಿಯುವುದಿಲ್ಲ, ನೀರು ನಿಲ್ಲುವುದಿಲ್ಲ. ಬುಡದ ಗಿಡಗಳಿಗೆ ಅದು ತವರು: ನೀಲಿ ಹೂವಿನ ಇವಾಲ್ವುಲಸ್ (ಗರಸು ನೆಲದಲ್ಲಿ ತಾನೇ ಬೆಳೆಯುವ ವಿಷ್ಣುಕ್ರಾಂತಿಯ ಬಳಗ), ಗಜೇನಿಯಾ. ಹಬ್ಬುವ ಲಂಟಾನಾವೂ ಅಲ್ಲಿ ಸಲ್ಲುತ್ತದೆ. ಅಂತರ 9 ಇಂಚು, ನೀರು ಎರಡು ಮೂರು ದಿನಕ್ಕೊಮ್ಮೆ. ಚಳಿ ಅಲ್ಲಿ ಹೆಚ್ಚು, ಹಾಗಾಗಿ ವರ್ಬಿನಾ, ಅಲಿಸಮ್‌ನಂಥ ಚಳಿಗಾಲದ ಹೂಹೊದಿಕೆಗೂ ಬೀದರ್ ಚೆನ್ನ. ಸೆಪ್ಟೆಂಬರ್ ಎರಡನೇ ಪಕ್ಷದಲ್ಲಿ ಟ್ರೇಯಲ್ಲಿ ಬಿತ್ತಿ ಅಕ್ಟೋಬರ್ ನಡುವಿನಲ್ಲಿ ನೆಲಕ್ಕಿಳಿಸಬೇಕು. ಯಾದಗಿರಿಯಲ್ಲಿ ಒಂದು ಓಣಿಯಲ್ಲಿ ಎರೆ, ಇನ್ನೊಂದು ಓಣಿಯಲ್ಲಿ ಬಂಡೆಗಲ್ಲು ಕರಗಿದ ಕೆಂಪು ಮರಳುಮಣ್ಣು. ಅಲ್ಲಿ ಊರಿನ ಹೆಸರು ನೋಡಿ ಗಿಡ ಆರಿಸಲಾಗದು, ಗುಂಡಿ ತೋಡಿಯೇ ನೋಡಬೇಕು.

ಊರಿ 45 ದಿನಕ್ಕೆ, ಲಿಪ್ಪಿಯಾದ ಬಳ್ಳಿ ಗೇಣುದ್ದ ಓಡಿದಾಗ, ಎಲ್ಲ ತುದಿ ಚಿವುಟಬೇಕು. ಬದಿಯ ಗೆಣ್ಣುಗಳು ಒಡೆಯುತ್ತವೆ. ಗಾಳಿಗೆ ಎದ್ದ ಬಳ್ಳಿಯನ್ನು ನೆಲಕ್ಕೆ ಒತ್ತಿ ಗೆಣ್ಣಿನ ಮೇಲೆ ಒಂದು ಹಿಡಿ ಗೊಬ್ಬರ ಹಾಕಿದರೆ ಹತ್ತು ದಿನದಲ್ಲಿ ಅಲ್ಲಿ ಬೇರು. ಫೆಬ್ರುವರಿ ಕೊನೆಗೆ ಮೊದಲ ಕೂದಲೆಳೆ ಬಿರುಕು ಕಾಣುತ್ತಲೇ ಜರಡಿ ಹಿಡಿದ ಒಣ ಗೊಬ್ಬರವನ್ನು ಬಿರುಕಿನೊಳಗೆ ಸುರಿದು, ಎರಡೂ ದಂಡೆಯ ಬಳ್ಳಿಗಳನ್ನು ಅದರ ಮೇಲೆ ಅಡ್ಡ ಎಳೆದು, ಕಟ್ಟಿಗೆಯ ಕೊಕ್ಕೆಯಿಂದ ಚುಚ್ಚಿ ನಿಲ್ಲಿಸಿ, ಒಂದು ಕೊಡ ನೀರು ಬಿಡಬೇಕು.